ಸದ್ದು ಹೋದ ಕಡೆ

ಚೀಟಿಯಲ್ಲಿ ಬರೆದದ್ದು ಇಷ್ಟೇ:
ಪಾಠಾರೆ, ಠಾಕೂರದ್ವಾರ, ಮೂರನೇ ಮಾಳಿಗೆ,
ಸೌಂಡ್ ಇಲ್ಲ.
ಲ್ಯಾಮಿಂಗ್ಟನ್ ರೋಡಿನಿಂದ ನಡೆದೇ ಹೋದೆ.
ಚೀಲದಲ್ಲಿ ಸ್ಕ್ರೂಡ್ರೈವರು, ಹಳೆಯ ಹೆಡ್‌ಫೋನು,
ಮತ್ತೆ ನನ್ನ ಕಸುಬಿನ ಅನುಮಾನ:
ವಾಲ್ಯೂಮ್ ತಗ್ಗಿಸಿಕೊಂಡು ಕೂತಿರುತ್ತಾರೆ,
ನೂರಕ್ಕೆ ಅರವತ್ತು ಮನೆಗಳಲ್ಲಿ ಅಷ್ಟೇ.

ಬಾಗಿಲು ತೆರೆದವರು ನನ್ನ ಮುಖ ನೋಡಲಿಲ್ಲ.
ಚಪ್ಪಲಿ ಬಿಚ್ಚುವ ಸದ್ದಿಗೆ ಕಿವಿ ತಿರುಗಿಸಿ
"ಎಡಗಾಲು ಎಳೀತೀಯ, ಮಂಡಿ ನೋವೇ?" ಅಂದರು.
ಕುಂದಾತಾಯಿ. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನಲ್ಲಿ
ಮೂವತ್ತೊಂದು ವರ್ಷ. ಹುಟ್ಟಿನಿಂದ ಕಣ್ಣಿಲ್ಲ.
ಕಂಪ್ಯೂಟರು ಓದಿ ಹೇಳುತ್ತದೆ, ಇವರು ಕೇಳುತ್ತಾರೆ:
ಪತ್ರ, ಪೇಪರು, ಲೈಟ್ ಬಿಲ್ಲು, ಸೊಸೈಟಿಯವರ ಜಗಳ.
ಮಂಗಳವಾರದಿಂದ ಅದರ ಬಾಯಿ ಬಿದ್ದುಹೋಗಿದೆ.

ಕೋಣೆಯಲ್ಲಿ ಬೆಳಕಿರಲಿಲ್ಲ. ಕೇಳಲು ನಾಚಿ
ಮೊಬೈಲಿನ ಟಾರ್ಚಿಗೆ ತಡಕಾಡಿದೆ.
"ಸ್ವಿಚ್ಚು ಬಲಕ್ಕಿದೆ. ಬಲ್ಬು ಇದೆಯೋ ಇಲ್ಲವೋ
ನಾನು ಕಂಡಿಲ್ಲ."
ಇತ್ತು. ಧೂಳು ಹೊದ್ದು ಉರಿಯಿತು.

ಮೊದಲು ಸ್ಪೀಕರಿನ ವೈರು. ಇದೆ.
ಹಿಂದೆ ಬಗ್ಗಿ ಜೇಡರಬಲೆಯಲ್ಲಿ ಬೆರಳಾಡಿಸಿದೆ:
ಹಸಿರು ತೂತಿನಲ್ಲಿ ಹಸಿರು ಪಿನ್ನು, ಸರಿಯಾಗಿದೆ.
"ಬಣ್ಣ ಬಿಡು," ಅಂದರು ಬೆನ್ನ ಹಿಂದಿನಿಂದ,
"ಮೇಲಿನಿಂದ ಎರಡನೇದು. ಅಂಚು ಸವೆದಿದೆ, ನೋಡು."
ಸವೆದಿತ್ತು.
ನನ್ನ ಹೆಡ್‌ಫೋನು ಚುಚ್ಚಿದರೂ ಮೌನ.
ಮ್ಯೂಟ್ ಅಲ್ಲ. ವಾಲ್ಯೂಮ್ ನೂರಕ್ಕೆ ನೂರು.
ಡ್ರೈವರು ಕಿತ್ತು ಮತ್ತೆ ಹಾಕಿದೆ. ಮುಚ್ಚಿ ತೆರೆದೆ.
ಪರದೆಯ ಮೂಲೆಯಲ್ಲಿ ಹಸಿರು ಪಟ್ಟಿ
ಏರುತ್ತದೆ, ಇಳಿಯುತ್ತದೆ.
ನಡುವೆ ಫಾಸ್ಟ್ ಲೋಕಲ್ಲು ಹಾಯುವಾಗ
ಎದುರು ಪ್ಲಾಟ್‌ಫಾರ್ಮಿನಿಂದ ಕೂಗುವವರ
ಬಾಯಿಯ ಹಾಗೆ.

ನಮ್ಮ ಜತ್ತದ ಕಡೆ ಕೋಣನ ಮುಂದೆ ಕಿನ್ನರಿ ಅಂತಾರೆ.
ಇಲ್ಲಿ ಕಿನ್ನರಿ ನುಡಿಯುತ್ತಿದೆ,
ಕೇಳುವವರು ಕಾದು ಕೂತಿದ್ದಾರೆ,
ನಡುವೆ ಕೋಣ ನಾನು.

"ಸತ್ತಿಲ್ಲ ಅದು," ಅಂದರು ಕುಂದಾತಾಯಿ.
"ಓದುವಾಗ ಅದರ ಫ್ಯಾನು ಏದುಸಿರು ಬಿಡುತ್ತೆ.
ಈಗಲೂ ಬಿಡ್ತಿದೆ. ಓದ್ತಾ ಇದೆ ಕಣೋ,
ಯಾರಿಗೆ ಅಂತ ಹುಡುಕು."

ಯಾರಿಗೆ?
ಆಗ ಕೇಳಿದೆ, ಬಾಗಿಲಲ್ಲೇ ಕೇಳಬೇಕಿದ್ದ ಮಾತು:
ಮಂಗಳವಾರ ಏನಾದರೂ ಬದಲಾಯಿತೇ?
"ತಂಗಿಯ ಮಗ ಬಂದಿದ್ದ, ನಿಶಿಕಾಂತ.
ಹಳೆಯದು ಚಿಕ್ಕದು ಅಂತ ದೊಡ್ಡ ಪರದೆ ತಂದಿಟ್ಟ.
ನನಗೆ ಒರೆಸುವ ಜಾಗ ಜಾಸ್ತಿಯಾಯಿತು."

ಇಪ್ಪತ್ತೇಳು ಇಂಚು. ದಪ್ಪನೆಯ ಹೊಸ ಕೇಬಲ್ಲು,
ಚಿತ್ರವನ್ನೂ ಸದ್ದನ್ನೂ ಒಂದೇ ಕೊಳವೆಯಲ್ಲಿ ಒಯ್ಯುವಂಥದ್ದು.
ಹೊಸಬನನ್ನು ಕಂಡದ್ದೇ ಯಂತ್ರ
ಇವನೇ ಮನೆಯ ಯಜಮಾನನೆಂದು ಬಗೆದು
ಮಾತನ್ನೆಲ್ಲ ಅವನ ವಶಕ್ಕೆ ಕೊಟ್ಟಿತ್ತು.
ಪರದೆಗೆ ಸ್ಪೀಕರಿಲ್ಲ.
ಆ ಮನೆಯಲ್ಲಿ ಅವರಿಗೆ ಬೇಡವಾದ ವಸ್ತು ಅದೊಂದೇ.
ನಾಲ್ಕು ದಿನದಿಂದ ಅದಕ್ಕೇ ಓದಿ ಹೇಳುತ್ತಿತ್ತು, ಪಾಪ,
ಲೈಟ್ ಬಿಲ್ಲು, ಜಗಳ, ಎಲ್ಲ.

ಔಟ್‌ಪುಟ್ ಪಟ್ಟಿ ತೆರೆದೆ. ಎರಡು ಹೆಸರು.
ಕೆಳಗಿನದರ ಮೇಲೆ ಒಂದು ಕ್ಲಿಕ್ಕು.

ಬಂತು. ತಗಡಿನ ಮೇಲೆ ಕಡಲೆ ಸುರಿದಂತೆ,
ಅಷ್ಟು ವೇಗ, ಒಂದಕ್ಷರವೂ ನನಗೆ ಹತ್ತಲಿಲ್ಲ.
ಕೆಟ್ಟಿದೆ, ಸ್ಪೀಡು ಇಳಿಸಲೇ ಅಂದೆ.
ಕೈಯೆತ್ತಿ ನನ್ನನ್ನು ಸುಮ್ಮನಾಗಿಸಿ
ಕೀಲಿಗಳ ಮೇಲೆ ಬೆರಳಿಟ್ಟು ನಗತೊಡಗಿದರು.
ಬುಧವಾರ, ಗುರುವಾರ, ಸುಮ್ಮನೆ ಕೂರಲಾರದೆ
ಕೇಳದೆಯೇ ಟೈಪು ಮಾಡಿದ್ದರಂತೆ,
ಕರೆಂಟಿನ ಆಫೀಸಿಗೊಂದು ದೂರು.
ಬೆರಳು ಒಂದು ಮನೆ ಎಡಕ್ಕೆ ಜಾರಿ
ಮೂರು ಪುಟ ಬರೀ ಹಳವಂಡ.
ಅದನ್ನೇ ಯಂತ್ರ, ಶ್ರಾದ್ಧದ ಭಟ್ಟರ ಹಾಗೆ,
ಒಂದೂ ಬಿಡದೆ ಓದುತ್ತಿತ್ತು.
"ಕೇಳು, ಕೇಳು! ಸಾಹೇಬರಿಗೆ ಬೈದದ್ದು
ಹೇಗೆ ಬಂದಿದೆ!"
ಬಲ್ಬಿನ ಕೆಳಗೆ ನಿಂತು ಕೇಳುತ್ತಲೇ ಇದ್ದೆ.
ಏನೂ ಕೇಳಿಸಲಿಲ್ಲ.

ನೋಟುಗಳನ್ನು ಬೆರಳಲ್ಲಿ ಅಳೆದು ಮುನ್ನೂರು ಕೊಟ್ಟರು.
ಚೀಟಿಯಲ್ಲಿ ಬರೆದೆ: ಔಟ್‌ಪುಟ್ ಬದಲಿಸಲಾಗಿದೆ.
ಮರದ ಮೆಟ್ಟಿಲು. ನನ್ನ ಎಡಗಾಲು
ಎಳೆಯುತ್ತಿತ್ತು, ನಿಜ.
ಎರಡನೇ ಮಾಳಿಗೆಗೆ ಬಂದಾಗ ನೆನಪಾಯಿತು,
ಬಲ್ಬು ಆರಿಸಿಲ್ಲ.
ತಿರುಗಿ ಹತ್ತಬೇಕು, ಅಷ್ಟರಲ್ಲಿ
ಮೇಲೆ ಸ್ವಿಚ್ಚು
ಟಕ್ಕೆಂದಿತು.